ಪಡುವಣ ಬೇಲಿಯ ಶಂಖಪುಷ್ಪ

ಚನ್ನರಾಯಪಟ್ಟಣದ ನಮ್ಮ ಮನೆಯ ಪಡುವಣ ಬೇಲಿಯ ಹತ್ತಿರ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಮೊದಲೆಲ್ಲ ಸಂಜೆ ಕಾಫಿ ಹೊತ್ತಿಗೆ ಅದನ್ನು ನೆನೆದು ನಾನೂ ನನ್ನ ಹೆಂಡತಿಯೂ ನಗುತ್ತಿದ್ದೆವು. ಕಳೆದ ಸಂಕ್ರಾಂತಿಯ ಮರುವಾರ ಅವಳು ತೀರಿಹೋದಳು. ಒಬ್ಬನೇ ಕೂತು ನಕ್ಕರೆ ನನಗೇ ಹೆದರಿಕೆಯಾಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

೧. ನರ್ಸರಿಯವನ ನೆರಳು

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವರ್ಷ ಮರದ ಹಲಗೆಯ ಬೇಲಿ ಹಾಕಿಸಿದೆ. ಮಧ್ಯಾಹ್ನ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಬಳ್ಳಿ ಹಬ್ಬಿಸಿ ಮುಚ್ಚೋಣವೆಂದುಕೊಂಡೆವು. ಕಾಗದದ ಹೂವೇ ಸಾಕು, ನೀರು ಕೇಳುವುದಿಲ್ಲ ಎಂದೆ ನಾನು. ಮುಡಿಯಲೂ ಆಗದ, ದೇವರಿಗೂ ಏರದ ಹೂವು ಯಾವ ಭಾಗ್ಯಕ್ಕೆ ಎಂದಳು ಅವಳು. ಅವಳಿಗೆ ಬೇಕಾದದ್ದು ಪೂಜೆಗೆ ಸ್ವಂತ ಬೇಲಿಯ ಹೂವು, ಅಷ್ಟೇ.

ಹೊಳೆನರಸೀಪುರದ ರಸ್ತೆಯ ನರ್ಸರಿಯವನು ಯಾವ ಗಿಡ ತೋರಿಸಿದರೂ ಎಂಥ ಬಿಸಿಲಾದರೂ ತಡೆಯುತ್ತದೆ ಎಂದ. ಅವನು ಮಾತ್ರ ಹಸಿರು ಪರದೆಯ ಕೆಳಗೆ ಕೂತಿದ್ದ. ಹಾಗಾದರೆ ಈ ಪರದೆ ಯಾಕಪ್ಪ ಎಂದು ಇವಳು ಕೇಳಿದಳು.

"ಇದು ನಂಗೆ ಕಣವ್ವ. ನಾನು ತಡ್ಯಾಕಿಲ್ಲ."

೨. ಮಲ್ಲಿಗೆಗೆ ಆಯಿಲ್

ಅವನಿಂದ ಮಲ್ಲಿಗೆ ತಂದೆವು. ಗೆದ್ದಲು ಹತ್ತದಿರಲೆಂದು ಬೇಲಿಗೆ ಗ್ಯಾರೇಜಿನ ಹಳೇ ಆಯಿಲ್ ಬಳಿದು, ಮಾರನೆಯ ದಿನವೇ ಬಳ್ಳಿಯನ್ನು ಹಲಗೆಗೆ ಒತ್ತಿ ಕಟ್ಟಿದ ಬುದ್ಧಿವಂತ ನಾನೇ. ವಾರದೊಳಗೆ ಕುಡಿಯೆಲ್ಲ ಕಪ್ಪಾಯಿತು. ಅವಳು ಎರಡು ದಿನ ಮಾತು ಬಿಟ್ಟಳು.

ಸಾಲಗಾಮೆಯಲ್ಲಿ ಬೇಸಾಯ ಮಾಡುವ ಅವಳ ತಮ್ಮ ಬಂದು ನೋಡಿದ. ಜೇಬಿನಿಂದ ಶಂಖಪುಷ್ಪದ ಬೀಜ ತೆಗೆದುಕೊಟ್ಟ. ಹಲಗೆಯಿಂದ ಒಂದು ಮೊಳ ಬಿಟ್ಟು ಬಿತ್ತಿ, ತಂತಿಯ ಮೇಲೆ ಹಬ್ಬಿಸಿ, ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಲು ಹೇಳಿದ. ಹೊರಡುವಾಗ ಇನ್ನೊಂದು ಸಲ ಬೇಲಿ ನೋಡಿದ.

"ನಾವು ಗಿಡ ಕಾಯಾಕೆ ಬೇಲಿ ಆಕ್ತೀವಿ ಭಾವ. ನೀವು ಬೇಲಿ ಕಾಯಾಕೆ ಗಿಡ ಆಕ್ತೀರಲ್ಲ."

೩. ದೇವರ ಪಾಲು

ಮೂರು ತಿಂಗಳಲ್ಲಿ ಬೇಲಿ ನೀಲಿಯಾಯಿತು. ಸಂಜೆ ಅವಳು ಮೊಗ್ಗು ಎಣಿಸಿ ಮಲಗುವಳು, ಬೆಳಿಗ್ಗೆ ನೋಡಿದರೆ ಒಂದು ಹೂವೂ ಇಲ್ಲ. ಬೆಳಗಾಗುವ ಮುಂಚೆ ಪ್ಲಾಸ್ಟಿಕ್ ಕವರ್ ಹಿಡಿದು ಊರವರ ಬೇಲಿಯ ಹೂವನ್ನೆಲ್ಲ ಬಿಡಿಸಿಕೊಂಡು ಹೋಗುವ ಎದುರುಮನೆ ಅಜ್ಜಿ ಒಂದು ದಿನ ಕೈಗೆ ಸಿಕ್ಕಳು.

"ಊವ ದೇವ್ರುದು ಕಣವ್ವ. ನಿಮ್ ದೇವ್ರು ಬ್ಯಾರೆ, ನಮ್ ದೇವ್ರು ಬ್ಯಾರೆನಾ?"

ಬೀದಿಗೆ ಕೇಳುವಂತೆ ಜಗಳವಾಯಿತು. ಅಂದಿನಿಂದ ಅಜ್ಜಿ ದಿನಕ್ಕೆ ಎರಡು ಹೂವು ಬಿಟ್ಟು ಹೋಗತೊಡಗಿದಳು. ಜಗಳ ಮಾತ್ರ ದಿನವೂ ನಡೆಯಿತು. ನಮ್ಮ ಬೇಲಿಯಲ್ಲಿ ನಮ್ಮ ದೇವರಿಗೇ ಭಿಕ್ಷೆ ಎಂದು ಇವಳು ಬೈಯುತ್ತ, ನಗುತ್ತ ಆ ಎರಡನ್ನು ಏರಿಸುತ್ತಿದ್ದಳು.

೪. ಮೂರನೆಯ ಹೂವು

ಹಾಸನದ ಆಸ್ಪತ್ರೆಯಲ್ಲಿ ಅವಳಿದ್ದದ್ದು ಮೂರೇ ದಿನ. ಆಮೇಲೆ ನನಗೆ ಬೇಲಿಯ ಕಡೆ ನೋಡಲು ಆಗಲಿಲ್ಲ. ಸೂತಕ ಕಳೆದರೂ ಪೂಜೆಗೆ ಮನಸ್ಸಿರಲಿಲ್ಲ, ನೀರು ಹಾಕಲಿಲ್ಲ. ಬಿಸಿಲು ಏರಿತು. ಅವಳ ಬಳ್ಳಿಯನ್ನೂ ಒಣಗಿಸಿಬಿಟ್ಟೆನಲ್ಲ ಎಂಬ ಸಂಕಟಕ್ಕೆ ಒಂದು ಬೆಳಿಗ್ಗೆ ಹೊರಗೆ ಬಂದೆ. ಬಳ್ಳಿ ಹಸಿರಾಗಿತ್ತು. ಮೈತುಂಬ ಹೂವು, ಒಂದನ್ನೂ ಯಾರೂ ಕಿತ್ತಿರಲಿಲ್ಲ. ಅಜ್ಜಿ ಬಿಂದಿಗೆಯಿಂದ ಬುಡಕ್ಕೆ ನೀರು ಹಾಕುತ್ತಿದ್ದಳು.

ಹೂವು ಯಾಕೆ ಕೀಳಲಿಲ್ಲ ಎಂದೆ. ಅಜ್ಜಿ ಬಿಂದಿಗೆ ಕೆಳಗಿಟ್ಟಳು.

"ಕದಿಯಾಕೆ ಕಾಯೋರು ಬ್ಯಾಡ್ವಾ ಮೇಷ್ಟ್ರೇ?"

ನನಗೆ ಅಳು ಬಂತು. ನಾಳೆಯಿಂದ ನಾನು ಕಾಯುತ್ತೇನೆ ಎಂದೆ. ಆ ಸಂಜೆ ಮೊಗ್ಗು ಎಣಿಸಿದೆ, ಇಪ್ಪತ್ತೊಂದು. ಬೆಳಿಗ್ಗೆ ಮೂರು ಹೂವು ಉಳಿದಿದ್ದವು. ಒಂದು ಹೆಚ್ಚಾಗಿದೆಯಲ್ಲ ಎಂದು ಎದುರುಮನೆಗೆ ಕೇಳುವಂತೆ ಕೂಗಿದೆ.

"ಅದು ಅಮ್ಮಾವ್ರ ಫೋಟೋಗೆ. ಇಲ್ದಿದ್ರೆ ಅಲ್ಲಿಂದ್ಲೇ ಬೈತಾರೆ."

ಫೋಟೋಗೆ ಹೂವಿಟ್ಟು ಬಹಳ ದಿನಗಳ ಮೇಲೆ ನಕ್ಕೆ. ಒಬ್ಬನೇ ನಕ್ಕೆ ಅನ್ನಿಸಲಿಲ್ಲ.