ಮೇಸ್ತ್ರಿ ಆರಿಸಿದ ಫೌಂಡೇಶನ್

ಬಣ್ಣದ ಮೇಸ್ತ್ರಿಗೆ ಒಂದು ವಿಷಯದಲ್ಲಿ ಮಾತ್ರ ಯಾರೂ ಎದುರಾಡುವಂತಿರಲಿಲ್ಲ. ಗೋಡೆಯಲ್ಲಿ ಎಲ್ಲೋ ಒಂದಿಷ್ಟು ಬಣ್ಣ ಉದುರಿದ್ದರೆ, ಅಲ್ಲಿಗೆ ಹಳೆಯ ಬಣ್ಣವನ್ನೇ ಹೊಂದಿಸಿ ಬಳಿದು, ತೇಪೆ ಎಲ್ಲಿದೆ ಎಂದು ಮನೆಯ ಮಾಲೀಕನೇ ತಡಕಾಡುವಂತೆ ಮಾಡುವುದು ಅವನ ವಿದ್ಯೆ. (ಉಳಿದೆಲ್ಲ ವಿಷಯಗಳಲ್ಲಿ ಎದುರಾಡುವವರು ಮನೆಯಲ್ಲೇ ಇದ್ದರು.) ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿ ಮುಖಕ್ಕೆ ಏನೋ ಬಳಿದುಕೊಂಡು ಬಂದು, "ರೀ, ಹೇಗಿದೆ ನೋಡಿ" ಎಂದಳು. ಮೇಸ್ತ್ರಿ ವೃತ್ತಿಧರ್ಮ ಬಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಪ್ರೈಮರ್ ಹೊಡೆದು ಕೆಲಸದವರು ಊಟಕ್ಕೆ ಹೋದ ಗೋಡೆ ಇದ್ದ ಹಾಗಿದೆ."

ಕೋಣೆಯ ಮೂಲೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಮಗಳು ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಮೆಲ್ಲಗೆ ಹೊರಗೆ ನಡೆದಳು. ಬರಲಿರುವ ಬಿರುಗಾಳಿಯ ವಾಸನೆ ಅವಳಿಗೆ ಚಿಕ್ಕಂದಿನಿಂದಲೂ ಬೇಗ ಸಿಗುತ್ತಿತ್ತು.

ಸಂಗತಿ ಇಷ್ಟು. ಮೇಸ್ತ್ರಿಯ ಹೆಂಡತಿ ಒಂದು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಅಂಗಡಿಗೆ ಹೆಸರು ಬಂದದ್ದೇ ಅವಳ ಕತ್ತರಿಯಿಂದ. ಆದರೆ ಅವಳು ಕೂರುವುದು ಪರದೆಯ ಹಿಂದೆ. ಹೊಗಳಿಕೆಯೆಲ್ಲ ಮುಂದೆ ಕೂತ ಯಜಮಾನಿಯ ಪಾಲಾಗುತ್ತಿತ್ತು. ಈಗ ಅಂಗಡಿಗೆ ಹೊಸ ಬೋರ್ಡು ಹಾಕಿಸುವಾಗ ಆ ಯಜಮಾನಿಗೇ ಏನು ತೋಚಿತೋ, "ಬೋರ್ಡಿನ ಮೇಲೆ ನಿನ್ನ ಫೋಟೋನೇ ಇರ್ಲಿ" ಎಂದುಬಿಟ್ಟಿದ್ದಳು. ಅಂದಿನಿಂದ ಹೆಂಡತಿ ಕನ್ನಡಿಯ ಮುಂದೆ ಹೋಗಿ ನಿಲ್ಲುವುದು, ಕಣ್ಣಿನ ಕೆಳಗಿನ ಕಪ್ಪನ್ನು ಬೆರಳಿನಿಂದ ಒತ್ತಿ ನೋಡುವುದು ನಡೆದೇ ಇತ್ತು. ಕಡೆಗೆ ಓರಗಿತ್ತಿಯ ಹತ್ತಿರ ಹೋಗಿ ಅವಳ ಫೌಂಡೇಶನ್ ಬಾಟಲಿ ಕೇಳಿ ತಂದಿದ್ದಳು. ಓರಗಿತ್ತಿಯದು ಹಾಲಿನಂಥ ಬಣ್ಣ, ಇವಳದು ಗೋಧಿಯಂಥದು. ಅದರ ಫಲವೇ ಮೇಲೆ ಹೇಳಿದ ಪ್ರೈಮರ್.

"ನನಗೇನು ಬೆಳ್ಳಗಾಗ್ಬೇಕಿಲ್ಲ" ಎಂದಳು ಹೆಂಡತಿ. ದನಿ ಏರಲಿಲ್ಲ, ಅದೇ ಅಪಾಯದ ಗುರುತು. "ನಾನು ನಾನಾಗೇ ಕಾಣ್ಬೇಕು. ಚೆನ್ನಾಗಿ ನಿದ್ದೆ ಮಾಡಿ ಎದ್ದಿರೋ ನಾನು. ಆ ಬೋರ್ಡು ವರ್ಷಗಟ್ಟಲೆ ಅಲ್ಲೇ ಇರುತ್ತೆ ಕಣ್ರೀ. ಬೀದೀಲಿ ಹೋಗೋರೆಲ್ಲ ನೋಡ್ತಾರೆ. ಊರಿನ ಗೋಡೆಗೆಲ್ಲ ಬಣ್ಣ ಹೊಂದಿಸ್ತೀರಲ್ಲ, ಹೆಂಡ್ತಿ ಮುಖಕ್ಕೆ ಒಂದು ಬಣ್ಣ ಹೊಂದಿಸಿ ನೋಡೋಣ!"

ಮೇಸ್ತ್ರಿ ಕುರ್ಚಿಯಿಂದ ಎದ್ದು ನಿಂತ. ಯುದ್ಧಕ್ಕೆ ಕರೆ ಬಂದ ವೀರನ ಹಾಗೆ ಎದೆ ಮುಂದೆ ಮಾಡಿ (ಹೊಟ್ಟೆ ಅದಕ್ಕಿಂತ ಮುಂಚೆಯೇ ಮುಂದೆ ಹೋಗಿತ್ತು), "ಹೊಂದಿಸ್ತೀನಿ" ಎಂದ. "ಎಲ್ಲಿ ಮುಗೀತು, ಎಲ್ಲಿ ಶುರುವಾಯ್ತು ಅಂತ ಗೊತ್ತಾಗದ ಹಾಗೆ ಹೊಂದಿಸ್ತೀನಿ. ಇಲ್ಲದಿದ್ರೆ ನಾನು ಬ್ರಷ್ಷು ಹಿಡಿಯೋದನ್ನೇ ಬಿಡ್ತೀನಿ."

ಮೂವರೂ ಸೌಂದರ್ಯವರ್ಧಕಗಳ ಅಂಗಡಿಗೆ ಹೋದರು. ಅಲ್ಲಿ ಕಪಾಟಿನ ತುಂಬ ಸಾಲಾಗಿ ಪುಟ್ಟ ಬಾಟಲಿಗಳು. ಮೇಸ್ತ್ರಿ ಒಂದನ್ನು ಎತ್ತಿ ಕುಲುಕಿ, ಬೆಳಕಿಗೆ ಹಿಡಿದು ನೋಡಿದ. "ಮನೆ ಕಟ್ಟುವಾಗ ಫೌಂಡೇಶನ್ ನೆಲದೊಳಗೆ ಇರುತ್ತೆ. ಇಲ್ಲಿ ಎಲ್ಲಕ್ಕಿಂತ ಮೇಲಿದೆಯಲ್ಲ!" ಎಂದ. ಯಾರೂ ನಗಲಿಲ್ಲ. ಮಗಳು ಅಪ್ಪನ ಪರಿಚಯವೇ ಇಲ್ಲದವಳ ಹಾಗೆ ಲಿಪ್‌ಸ್ಟಿಕ್‌ಗಳ ಕಡೆ ತಿರುಗಿದಳು.

ಮಾರಾಟದ ಹುಡುಗಿ ನಗುನಗುತ್ತಾ ಹೆಂಡತಿಯ ಮುಂಗೈ ಹಿಡಿದು, ಒಂದು ಹನಿ ಹಾಕಿ ಸವರಿದಳು. "ಮ್ಯಾಡಂ, ಇದು ನಿಮಗೆ ಹೇಳಿ ಮಾಡಿಸಿದ ಹಾಗಿದೆ."

"ತಡೀರಿ, ತಡೀರಿ" ಎಂದ ಮೇಸ್ತ್ರಿ. "ಇವಳು ಫೋಟೋ ತೆಗೆಸಿಕೊಳ್ಳೋದು ಮುಂಗೈದಾ? ಅಡುಗೆಮನೆ ಗೋಡೆಗೆ ಬಣ್ಣ ಹಚ್ಚಿ ನೋಡಿ, ಹಜಾರಕ್ಕೆ ಬಳಿಯೋಕೆ ಆಗುತ್ತಾ? ಹಚ್ಚೋದಾದ್ರೆ ದವಡೆ ಮೇಲೆ ಹಚ್ಚಿ. ಮುಖ ಮುಗಿದು ಕತ್ತು ಶುರುವಾಗೋ ಕಡೆ. ಜೋಡಣೆ ಇರೋದು ಅಲ್ಲಿ."

"ಸರಿ ಸಾರ್" ಎಂದು ಹುಡುಗಿ ದವಡೆಗೆ ಹಚ್ಚಿದಳು.

"ಈ ಟ್ಯೂಬ್‌ಲೈಟಿನಲ್ಲಿ ಏನೂ ಗೊತ್ತಾಗಲ್ಲ. ಇದರ ಕೆಳಗೆ ಹಸಿರು ಕೂಡ ನೀಲಿ ಕಾಣುತ್ತೆ. ನಡಿಯೇ ಹೊರಗೆ, ಬಿಸಿಲಿಗೆ."

"ಹೊರಗೆ ಜನ ಓಡಾಡ್ತಿದ್ದಾರೆ ರೀ!"

"ಬೋರ್ಡು ಒಳಗೆ ಹಾಕ್ತಾರಾ?"

ಹೆಂಡತಿ ಹೊರಬಂದು ಪಾದಚಾರಿ ದಾರಿಯ ಮೇಲೆ ನಿಂತಳು. ಮೇಸ್ತ್ರಿ ಅವಳ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಒಂದು ಕಣ್ಣು ಮುಚ್ಚಿ ನೋಡಿದ, ಹಿಂದೆ ಸರಿದು ರಸ್ತೆಯ ಅಂಚಿನಿಂದ ನೋಡಿದ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬೈದು ಹೋದ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಸ್ಸು ಬರುವ ದಿಕ್ಕನ್ನು ಬಿಟ್ಟು ಇತ್ತ ತಿರುಗಿದರು.

"ಆಯ್ತಾ?" ಹಲ್ಲು ಕಚ್ಚಿ ಕೇಳಿದಳು ಹೆಂಡತಿ.

"ಒಣಗ್ಲಿ. ಹಸಿ ಬಣ್ಣ ಯಾವತ್ತೂ ಸುಳ್ಳು ಹೇಳುತ್ತೆ. ಒಣಗಿದ ಮೇಲೆ ಒಂದು ಛಾಯೆ ಗಾಢ ಆಗುತ್ತೆ. ಅಲ್ಲಾಡ್ಬೇಡ."

"ನಾನೇನು ಕಾಂಪೌಂಡ್ ಗೋಡೆನಾ, ಅಲ್ಲಾಡ್ದೆ ನಿಲ್ಲೋಕೆ?"

"ಗೋಡೆ ಆಗಿದ್ರೆ ಇಷ್ಟು ಹೊತ್ತಿಗೆ ಎರಡನೇ ಕೋಟು ಮುಗಿಸ್ತಿದ್ದೆ."

ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬರು ಕಿಸಕ್ಕೆಂದರು. ಹೆಂಡತಿ ಮೇಸ್ತ್ರಿಯನ್ನು ದುರುಗುಟ್ಟಿ ನೋಡಿದಳು. ಹುಡುಗಿ ಒಂದಾದ ಮೇಲೆ ಒಂದು ಬಾಟಲಿ ತರುತ್ತಾ ಒಳಗೂ ಹೊರಗೂ ಓಡಾಡಿದಳು. ಹೆಂಡತಿಯ ದವಡೆಯ ಮೇಲೆ ಪಟ್ಟೆಗಳು ಮೂಡಿದವು. ಒಂದು ತೀರ ಹಳದಿ. "ಇದು ಸರ್ಕಾರಿ ಕಚೇರಿ" ಎಂದು ಮೇಸ್ತ್ರಿ ಒರೆಸಿಬಿಟ್ಟ. ಇನ್ನೊಂದು ಬೂದಿ, "ಇದು ನೀರಿನ ಟ್ಯಾಂಕು." ಕಡೆಗೆ ಕೊಂಚ ಕೆಂಪು ಬೆರೆತ, ಸುಟ್ಟ ಇಟ್ಟಿಗೆಗೆ ಹಾಲು ಹಾಕಿದಂಥ ಒಂದನ್ನು ಹಚ್ಚಿದಾಗ ಅವನು ಉಸಿರು ಬಿಗಿಹಿಡಿದ. ಪಟ್ಟೆ ಒಣಗಿತು. ಒಣಗಿ ಮಾಯವಾಯಿತು! ಎಲ್ಲಿ ಬಣ್ಣ, ಎಲ್ಲಿ ಚರ್ಮ ಎಂದು ಮೇಸ್ತ್ರಿಯ ಕಣ್ಣಿಗೇ ಗೊತ್ತಾಗಲಿಲ್ಲ.

"ಸಿಕ್ಕಿತು!" ಎಂದು ಅವನು ರಸ್ತೆಯಲ್ಲೇ ಕೂಗಿದ. "ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಿನ್ನ ಬಣ್ಣದಲ್ಲಿ ಇಷ್ಟು ಕೆಂಪಿದೆ ಅಂತ ಇವತ್ತೇ ಗೊತ್ತಾಗಿದ್ದು!"

"ನಡೀರಿ ಮನೆಗೆ. ಇನ್ನೇನೇನು ಗೊತ್ತಾಗುತ್ತೋ ನೋಡೋಣ" ಎಂದಳು ಹೆಂಡತಿ.

ಅಷ್ಟಕ್ಕೇ ಬಿಡುವ ಜಾತಿಯವನಲ್ಲ ಮೇಸ್ತ್ರಿ. ಮಾದರಿ ಬಣ್ಣವನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ನೋಡದೆ ಒಪ್ಪುವುದು ಅವನ ಪದ್ಧತಿಯಲ್ಲ. ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಲೆಂದು, ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಹೆಂಡತಿಯನ್ನು ಒಲೆಯ ಮುಂದಿನಿಂದ ಕಿಟಕಿಗೆ ಎಳೆದುಕೊಂಡು ಹೋದ. ಹಾಲು ಉಕ್ಕಿತು. ಬಣ್ಣ ಹೊಂದಿತು. ಸಂಜೆಯ ಬೆಳಕಿಗೆಂದು, ಅವಳು ಕೆಲಸದಿಂದ ಬಂದು ಕಾಲು ಚಾಚಿ ಕೂತೊಡನೆ ಎಬ್ಬಿಸಿ ಮಹಡಿ ಹತ್ತಿಸಿದ. ಮೆಟ್ಟಿಲುದ್ದಕ್ಕೂ ಅವಳು ಮೇಸ್ತ್ರಿಯ ವಂಶಾವಳಿಯನ್ನು ಮೇಲಿನಿಂದ ಕೆಳಗಿನವರೆಗೆ ವಿಚಾರಿಸಿಕೊಂಡಳು. ಬಣ್ಣ ಮತ್ತೂ ಚೆನ್ನಾಗಿ ಹೊಂದಿತು. "ಯಾವ ಬೆಳಕಿಗೂ ಜಗ್ಗಲ್ಲ" ಎಂದು ಮೇಸ್ತ್ರಿ ಬಾಟಲಿಯನ್ನು ಪದಕದ ಹಾಗೆ ಎತ್ತಿ ಹಿಡಿದ.

ಫೋಟೋ ತೆಗೆಯುವ ದಿನ ಬಂತು. ಹೊಲಿಗೆ ಅಂಗಡಿಯ ಬಾಗಿಲಲ್ಲಿ ಬಿಳಿ ಬಟ್ಟೆ ಕಟ್ಟಿ, ಫೋಟೋಗ್ರಾಫರ್ ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದ. ಹೊಲಿಗೆಯ ಹೆಂಗಸರೆಲ್ಲ ಮಿಷನ್ನು ನಿಲ್ಲಿಸಿ ಎದ್ದು ಬಂದಿದ್ದರು. ಯಜಮಾನಿ ಎಲ್ಲರೆದುರು, "ಇಷ್ಟು ದಿನ ನನ್ನನ್ನ ಹೊಗಳಿದವರೆಲ್ಲ ಇವಳನ್ನ ಹೊಗಳಬೇಕಿತ್ತು. ಕತ್ತರಿ ಇವಳದು" ಎಂದಳು. ಹೆಂಡತಿ ತಲೆ ತಗ್ಗಿಸಿ ನಕ್ಕಳು. ಹೆಗಲು ಇಳಿಯಿತು, ಹುಬ್ಬು ಬಿಚ್ಚಿಕೊಂಡಿತು, ಮದುವೆಯ ಹೊಸತರಲ್ಲೂ ಮೇಸ್ತ್ರಿ ಕಂಡಿರದ ಒಂದು ಶಾಂತಿ ಅವಳ ಮೈಯೆಲ್ಲ ಹರಡಿತು.

ಫೋಟೋಗ್ರಾಫರ್ ಕ್ಯಾಮೆರಾದಿಂದ ತಲೆ ಎತ್ತಿದ. "ಮುಖಕ್ಕೂ ಕತ್ತಿಗೂ ಸಂಬಂಧವೇ ಇಲ್ವಲ್ಲ! ಯಾರದೋ ಮುಖ ತಂದು ಯಾರದೋ ಕತ್ತಿನ ಮೇಲೆ ಇಟ್ಟ ಹಾಗಿದೆ. ಯಾರು ಆರಿಸಿದ್ದು ಈ ಬಣ್ಣ?"

ಹೊಲಿಗೆಯ ಹೆಂಗಸರೆಲ್ಲ ಮೇಸ್ತ್ರಿಯನ್ನು ನೋಡಿದರು. ಹೊಗಳಿಕೆಯ ಗುಂಗಿನಲ್ಲಿದ್ದ ಹೆಂಡತಿ ಮಾತ್ರ ಇನ್ನೂ ನಗುತ್ತಲೇ ಇದ್ದಳು.

ಮೇಸ್ತ್ರಿ ಹತ್ತಿರ ಹೋಗಿ ನೋಡಿ ಬೆವರಿದ. ಹೌದು. ಮುಖ ಇಟ್ಟಿಗೆ, ಕತ್ತು ಗೋಧಿ. ನಡುವೆ ದವಡೆಯ ಉದ್ದಕ್ಕೂ ಗೆರೆ ಎಳೆದ ಹಾಗೆ ಗಡಿ. ಬಾಟಲಿ ತಿರುಗಿಸಿ ನೋಡಿದ, ಅದೇ ಬಾಟಲಿ. ಆಕಾಶ ನೋಡಿದ, ಅದೇ ಬಿಸಿಲು. "ಮೂರು ಬೆಳಕಲ್ಲಿ ನೋಡಿದ್ದೀನಿ. ತಪ್ಪೋಕೆ ಸಾಧ್ಯವೇ ಇಲ್ಲ" ಎಂದು ಗೊಣಗಿದ.

ಕನ್ನಡಿ ಹಿಡಿದು ನಿಂತಿದ್ದ ಮಗಳು ಅಪ್ಪನ ತೋಳು ಎಳೆದು ಪಕ್ಕಕ್ಕೆ ಕರೆದಳು.

"ಅಪ್ಪಾ, ಆ ಮೂರು ಸಲನೂ ಅಮ್ಮ ಏನ್ಮಾಡ್ತಿದ್ಲು?"

"ಏನ್ಮಾಡ್ತಾಳೆ? ನನ್ನ ಬೈತಿದ್ಲು."

"ಅಮ್ಮಂಗೆ ಕೋಪ ಬಂದ್ರೆ ಕತ್ತು ಕೆಂಪಾಗುತ್ತೆ. ನೀನು ಹೊಂದಿಸಿರೋದು ಕೋಪಕ್ಕೆ."

ಮೇಸ್ತ್ರಿ ಬಾಯಿ ತೆರೆದು ನಿಂತ. ಇಷ್ಟು ವರ್ಷ ಹೆಂಡತಿ ಬೈಯುವಾಗಲೆಲ್ಲ ಅವನು ನೆಲ ನೋಡುತ್ತಾ ನಿಂತದ್ದರಿಂದ ನೆಲದ ಬಣ್ಣ ಚೆನ್ನಾಗಿ ಗೊತ್ತಿತ್ತು, ಕತ್ತಿನದು ಗೊತ್ತಿರಲಿಲ್ಲ.

"ಕೋಪ ಇಲ್ಲದಾಗ ಅಮ್ಮನ್ನ ಯಾವತ್ತಾದ್ರೂ ಸರಿಯಾಗಿ ನೋಡಿದ್ದೀಯಾ ನೀನು?" ಎಂದು ಮಗಳು ಕೇಳಿದಳು.

ಅಳಿಸಿ ಬೇರೆ ಹಚ್ಚಲು ಬೇರೆ ಬಾಟಲಿ ಇಲ್ಲ. ಏನೂ ಹಚ್ಚದೆ ನಿಲ್ಲಲು ಹೆಂಡತಿ ಒಪ್ಪುವುದಿಲ್ಲ. ಫೋಟೋಗ್ರಾಫರ್ ಇನ್ನೊಂದು ಕಡೆ ಹೋಗಬೇಕೆಂದು ಅವಸರ ಮಾಡುತ್ತಿದ್ದ. ಉಳಿದ ದಾರಿ ಒಂದೇ. ಹೆಂಡತಿಗೆ ಕೋಪ ಬರಿಸಬೇಕು. ಇದೇನು ದೊಡ್ಡ ಕೆಲಸ, ತಾನು ದಿನಾ ಯೋಚನೆಯೇ ಮಾಡದೆ ಮಾಡುವುದು ಇದನ್ನೇ ಅಲ್ಲವೇ ಎಂದುಕೊಂಡು ಮೇಸ್ತ್ರಿ ಕ್ಯಾಮೆರಾದ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಲೇ, ಬರುವಾಗ ಬಾಗಿಲಿಗೆ ಬೀಗ ಹಾಕೋದು ಮರೆತುಬಿಟ್ಟೆ ಕಣೇ."

"ಹೋಗ್ಲಿ ಬಿಡಿ" ಎಂದಳು ಹೆಂಡತಿ, ನಗುತ್ತಲೇ. "ನಮ್ಮನೇಲಿ ಕದಿಯೋಕೆ ಏನಿದೆ?"

"ಒದ್ದೆ ಟವೆಲ್ ಹಾಸಿಗೆ ಮೇಲೇ ಬಿಟ್ಟಿದ್ದೀನಿ."

"ಒಣಗುತ್ತೆ ಬಿಡಿ."

"ನಿನ್ನ ಅಣ್ಣ ಒಬ್ಬ ದಡ್ಡ."

"ಅದು ನಿಜ ರೀ, ನಾನೂ ಎಷ್ಟೋ ಸಲ ಅಂದ್ಕೊಂಡಿದ್ದೀನಿ."

ಮೇಸ್ತ್ರಿಗೆ ಅಳುವೇ ಬಂದಂತಾಯಿತು. ಒಂದು ಕಡೆ ಬ್ರಷ್ಷು ಬಿಡುತ್ತೇನೆಂದ ಪ್ರತಿಜ್ಞೆ, ಇನ್ನೊಂದು ಕಡೆ ಹೊಲಿಗೆ ಹೆಂಗಸರ ಕಿಸಿಕಿಸಿ. ಫೋಟೋಗ್ರಾಫರ್, "ಸಾರ್, ಬಣ್ಣ ತಪ್ಪಾಗಿದೆ, ಒಪ್ಕೊಳ್ಳಿ, ಒರೆಸಿಬಿಡಲಿ" ಎಂದ. ಆ 'ತಪ್ಪು' ಎಂಬ ಮಾತು ಮೇಸ್ತ್ರಿಯ ಎದೆಗೆ ನಾಟಿತು. ಕೋಪ ಬರಿಸುವ ಉಪಾಯವೆಲ್ಲ ಮರೆತುಹೋಯಿತು. ವೃತ್ತಿಯ ಮಾನ ಉಳಿಸಿಕೊಳ್ಳಲು, ಮನಸ್ಸಿನಾಳದಿಂದ, ಪರಮ ಪ್ರಾಮಾಣಿಕವಾಗಿ ಅವನು ಕೂಗಿ ಹೇಳಿದ:

"ನಾನು ಆರಿಸಿದ ಬಣ್ಣ ಸರಿಯಾಗೇ ಇದೆ ಸ್ವಾಮಿ! ತಪ್ಪಿರೋದು ಇವಳ ಚರ್ಮದಲ್ಲಿ!"

ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. (ಹೊಲಿಗೆ ಅಂಗಡಿಯಾದ್ದರಿಂದ ಒಂದು ಬಿದ್ದೂ ಬಿತ್ತು.) ಹೆಂಡತಿಯ ನಗು ನಿಂತಿತು. ಎದೆಯ ಮೇಲಿನಿಂದ ಹೊರಟ ಕೆಂಪು ಕತ್ತನ್ನು ಏರಿ ದವಡೆಗೆ ಬಂದು ಮುಟ್ಟಿತು. ಗಡಿ ಅಳಿಸಿಹೋಯಿತು. ಮುಖ ಯಾವುದು ಕತ್ತು ಯಾವುದು ಎಂದು ಹೇಳುವಂತಿರಲಿಲ್ಲ.

"ಹಾಗೇ ಇರಿ!" ಎಂದು ಫೋಟೋಗ್ರಾಫರ್ ಕ್ಲಿಕ್ಕಿಸಿಯೇಬಿಟ್ಟ.

ಬೋರ್ಡು ಮೇಲೇರಿತು. ಮೊಸರಿನಲ್ಲಿ ಕಲ್ಲು ಹುಡುಕುವವರಿಗೂ ಬಣ್ಣದ ಹೊಂದಿಕೆಯಲ್ಲಿ ತಪ್ಪು ಸಿಗುವಂತಿರಲಿಲ್ಲ. ಹೆಂಡತಿಯ ಕೈಯಲ್ಲಿ ಕತ್ತರಿ, ಕಣ್ಣಲ್ಲಿ ಕೆಂಡ. ಎದುರು ನಿಂತವರು ಯಾರೇ ಆಗಲಿ ಅವರನ್ನೇ ದುರುಗುಟ್ಟಿ ನೋಡುವ ನೋಟ. ಈಗ ಬಟ್ಟೆ ಯಾವಾಗ ಸಿಗುತ್ತದೆ ಎಂದು ಗಿರಾಕಿಗಳು ಜೋರು ಮಾಡಿ ಕೇಳುವುದಿಲ್ಲ ಎಂದು ಯಜಮಾನಿಗೆ ಬಲು ಸಂತೋಷ. ಗಿರಾಕಿಗಳು ಪರದೆಯ ಹಿಂದೆ ಇಣುಕಿ, "ಬೋರ್ಡಿನ ಮೇಲಿರೋರು ನೀವೇನಾ?" ಎಂದು ಮರ್ಯಾದೆಯಿಂದ ಕೇಳುವುದು ಹೆಂಡತಿಗೂ ಸಂತೋಷ. ಮುಖ ಬೋರ್ಡಿನಲ್ಲಿದ್ದ ಹಾಗೆಯೇ ಇರಬೇಕಲ್ಲ, ಇಲ್ಲದಿದ್ದರೆ ಜನ ಗುರುತಿಸುವುದು ಹೇಗೆ? ಹಾಗಾಗಿ ಅವಳು ಆ ಬಾಟಲಿಯನ್ನು ದಿನವೂ ಬಳಸಲು ನಿರ್ಧರಿಸಿದಳು. ಆ ಬಣ್ಣ ಹೊಂದಬೇಕಾದರೆ ಮೊದಲು ಕೋಪ ಬಂದು ಕತ್ತು ಕೆಂಪಾಗಬೇಕು ಎಂಬ ಗುಟ್ಟನ್ನು ಮಗಳು ಅವಳಿಗೂ ಹೇಳಿಬಿಟ್ಟಿದ್ದಳು.

ಅಂದಿನಿಂದ ಬೆಳಿಗ್ಗೆ ಮೇಸ್ತ್ರಿ ಕಾಫಿಯ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಹೆಂಡತಿ ಬಾಟಲಿ ಹಿಡಿದು ಮುಂದೆ ಬಂದು ನಿಲ್ಲುತ್ತಾಳೆ.

"ಹೂಂ, ಏನಾದ್ರೂ ಅನ್ನಿ. ಹೊತ್ತಾಯ್ತು."

ಇಷ್ಟು ವರ್ಷ ಬಾಯಿ ತೆರೆದರೆ ಸಾಕಿತ್ತು, ಈಗ ತಲೆ ಕೆರೆದುಕೊಂಡರೂ ಒಂದು ಮಾತು ಹೊಳೆಯುವುದಿಲ್ಲ. ಮೊನ್ನೆ ಅವನು ಒಂದು ದೃಢ ನಿರ್ಧಾರಕ್ಕೆ ಬಂದ. ಇನ್ನು ಬಾಯಿಯನ್ನೇ ಬಿಡುವುದಿಲ್ಲ. ಆಗ ಅವಳು ತಾನಾಗಿ ಬೇಸತ್ತು ಬಾಟಲಿ ಎಸೆಯುತ್ತಾಳೆ. ಅವಳು ಬಂದು ನಿಂತಳು, ಕೇಳಿದಳು. ಮೇಸ್ತ್ರಿ ತುಟಿ ಬಿಗಿದು ಕಾಫಿ ಕುಡಿದ. ಮತ್ತೆ ಕೇಳಿದಳು. ಅವನು ಕಿಟಕಿಯಾಚೆ ನೋಡಿದ.

"ಏನ್ರೀ, ಗೋಡೆ ಜೊತೆ ಮಾತಾಡ್ತಿದ್ದೀನಾ ನಾನು? ಕಟ್ಟಿಕೊಂಡ ಹೆಂಡ್ತಿ ಕೇಳಿದ್ದಕ್ಕೆ ಒಂದು ಉತ್ತರ ಕೊಡೋಕೂ ಆಗಲ್ವಾ ನಿಮಗೆ?"

"ಅಮ್ಮಾ, ಸಾಕು ಸಾಕು, ಕತ್ತು ಸರಿಯಾಗಿ ಬಂತು" ಎಂದು ಮಗಳು ಓಡಿಬಂದು ಕನ್ನಡಿ ಹಿಡಿದಳು. "ಬೇಗ ಹಚ್ಚಿಕೋ. ಅಪ್ಪಾ, ನೀನು ದಿನಾ ಹೀಗೇ ಸುಮ್ಮನಿರು, ಇದು ತುಂಬಾ ಸುಲಭ ಆಯ್ತು."