ಲೀಟರಿಗೆ ಹನ್ನೆರಡು

ಬೆಟಗೇರಿಯ ಸೀರೆ ವ್ಯಾಪಾರಿ ಉಳವಪ್ಪ ಚಹಾದಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಹಳೆಯದೊಂದು ಟೆಂಪೊ ಕೊಂಡು, ಒಳಗೆ ಮಂಚ, ಒಲೆ, ನೀರಿನ ಟಾಕಿ, ಏಸಿ ಕೂರಿಸಿ ‘ಮನಿಗಾಡಿ’ ಮಾಡಿಸಿದ್ದ. ಹೆಂಡತಿ ಶಿವರಂಜನಿಯೊಬ್ಬಳನ್ನೇ ಕರೆದುಕೊಂಡು ಕಾರವಾರಕ್ಕೆ ಹೋಗಬೇಕು, ಓಣಿಯವರ ಕಣ್ಣು ಬೀಳದ ಕಡೆ, ಸಮುದ್ರದ ದಂಡೆಯಲ್ಲಿ ಇಬ್ಬರೇ ಕೂತು ಚಹಾ ಕುಡಿಯಬೇಕು. ಇದಿಷ್ಟೇ ಅವನ ಆಸೆ. ಅದನ್ನು ಬಿಟ್ಟು, “ಲೀಟರಿಗೆ ಹನ್ನೆರಡ ಕಿಲೋಮೀಟರ್ ಕೊಡತೈತಿ” ಎಂದುಬಿಟ್ಟ.

“ಆರು ಕೊಟ್ರ ನಿನ್ನ ಪುಣ್ಯ!” ಎಂದ ಎದುರುಮನೆಯ ಸೋಮೇಶ. ಆ ಗಾಡಿ ಕೊಂಡು ಚುರುಮುರಿ ಗಿರ್ಮಿಟ್ ಮಾರುವ ಅಂಗಡಿ ಹಾಕಲು ಅವನು ಹೊಂಚು ಹಾಕಿದ್ದ.

ಉಳವಪ್ಪ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಶಿವರಂಜನಿ ಬಾಗಿಲಲ್ಲೇ ತೀರ್ಪು ಕೊಟ್ಟಳು: “ಹನ್ನೆರಡ ಕೊಟ್ರ ಕಾರವಾರಕ್ಕ ಬರ್ತೀನ್ರಿ. ಇಲ್ಲಂದ್ರ ಗಾಡಿ ಸೋಮೇಶಣ್ಣಗ ಕೊಟ್ಟಬಿಡ್ರಿ.”

ಮರುದಿನ ಬೆಳಿಗ್ಗೆ ಪಂಪಿನಲ್ಲಿ ಟ್ಯಾಂಕಿನ ಕುತ್ತಿಗೆಯವರೆಗೆ ಡೀಸೆಲ್ ತುಂಬಿಸಿದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ ಬಂದು ಇಲ್ಲೇ ಮತ್ತೆ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟು ಕುಡಿದ ಲೆಕ್ಕ. ಶಿವರಂಜನಿ ಗಂಡನ ಪಕ್ಕ ಕೂತಳು, ಸೋಮೇಶ ಸಾಕ್ಷಿಯಾಗಿ ಹತ್ತಿದ. ಅಷ್ಟರಲ್ಲಿ ಪಕ್ಕದ ಮನೆಯ ದೇವವ್ವ ಎರಡು ಚೀಲ ಜೋಳದೊಂದಿಗೆ ಹಾಜರು.

“ಹೆಂಗೂ ಖಾಲಿ ಹೊಂಟೈತಿ, ಲಕ್ಷ್ಮೇಶ್ವರದಾಗ ಮಗಳಿಗೆ ಮುಟ್ಟಸೂಣು.”

“ಯವ್ವಾ, ಇದು ಪರೀಕ್ಷಾ ಐತಿ!”

“ನಾ ಏನ ಗಾಡಿ ಹಿಂದಕ್ಕ ಜಗ್ತೀನೇನಲೇ?”

ಸೊರಟೂರಿನಲ್ಲಿ ದೇವವ್ವನಿಗೆ ಬೀಗರು ಸಿಕ್ಕರು. ಮಾತು ಮುಗಿಯುವವರೆಗೆ ಎಂಜಿನ್ ನಿಂತಲ್ಲೇ ಗುರುಗುಟ್ಟಿತು. ಲಕ್ಷ್ಮೇಶ್ವರದ ಮಗಳು ಜೋಳ ಇಳಿಸಿಕೊಂಡು ನಾಲ್ಕು ಚೀಲ ಉಳ್ಳಾಗಡ್ಡಿ ಏರಿಸಿದಳು. ಸೋಮೇಶ ಏಸಿ ಹಚ್ಚಿದ. “ಸಾಕ್ಷಿ ಬೆವರಬಾರ್ದೋ” ಎಂದ. ಅದರ ಮೇಲೆ ಹತ್ತು ಹತ್ತು ನಿಮಿಷಕ್ಕೆ “ಮುಳ್ಳು ಇಳೀತು, ಮುಳ್ಳು ಇಳೀತು” ಎಂದು ಸಾರತೊಡಗಿದ. ಶಿರಹಟ್ಟಿ ದಾಟುವಾಗ ಉಳವಪ್ಪ ರೇಗಿ ಆ ಡೀಸೆಲ್ ಮುಳ್ಳಿನ ಮೇಲೆ ಕರವಸ್ತ್ರ ಹೊದಿಸಿದ. ಗಾಡಿ ಮಾಡುವ ಕಂಪನಿಯವರ ಮೇಲೂ ಅವನಿಗೆ ಸಿಟ್ಟು ಬಂತು. ಖಾಲಿ ಗಾಡಿ, ಖಾಲಿ ರಸ್ತೆ ಹಿಡಿದು ಮೈಲೇಜ್ ಬರೆಯುತ್ತಾರೆ. ಅವರಿಗೆ ದೇವವ್ವ ಗೊತ್ತೇ?

ಮುಂಡರಗಿಯಲ್ಲಿ ಉಳವಪ್ಪನ ಅಕ್ಕ ಗದಿಗೆವ್ವನ ಮನೆ. ತಮ್ಮನ ಗಾಡಿ ಮೊದಲ ಸಲ ಮನೆಗೆ ಬಂದಿದೆ ಎಂದು ಅಕ್ಕ ಅದಕ್ಕೂ ಅರಿಷಿಣ ಕುಂಕುಮ ಹಚ್ಚಿದಳು. “ಕೀಲಿ ಕೊಡಪಾ, ಬೇವಿನಗಿಡದ ನೆಳ್ಳಿಗೆ ನಿಂದರಸ್ತೀನಿ” ಎಂದು ಅಕ್ಕನ ಗಂಡ, ಮಾವ, ಕೀಲಿ ಇಸಿದುಕೊಂಡ. ರೊಟ್ಟಿ ಊಟವಾಯಿತು. ಅಕ್ಕ ಶಿವರಂಜನಿಗೆ ಅಕ್ಕಿ, ಕಾಯಿ, ಕುಪ್ಪಸದ ಕಣ ಇಟ್ಟು ಉಡಿ ತುಂಬಿ ಕಳಿಸಿದಳು. ಉಳವಪ್ಪನಿಗೆ ಮಾತ್ರ ಗಾಡಿ ಕೈಬಿಟ್ಟಂತೆಯೇ ಅನ್ನಿಸಿತ್ತು.

ಸಂಜೆ ಬೆಟಗೇರಿಯ ಪಂಪಿನಲ್ಲಿ ಅರ್ಧ ಓಣಿ ಕೂಡಿತ್ತು. ಪೈಪು ಇಟ್ಟು ಸ್ವಲ್ಪ ಹೊತ್ತಾಗಿಲ್ಲ, ಟ್ಯಾಂಕು ತುಂಬಿ ಡೀಸೆಲ್ ಹೊರಗೆ ಚೆಲ್ಲಿತು. ಸೋಮೇಶ ಮೊಬೈಲಿನಲ್ಲಿ ಮೂರು ಸಲ ಭಾಗಿಸಿದ.

“ಲೀಟರಿಗೆ... ಇಪ್ಪತ್ನಾಕು!”

“ನೋಡ್ರಲೇ!” ಎಂದು ಉಳವಪ್ಪ ಗರ್ಜಿಸಿದ. “ದೇವವ್ವ, ಉಳ್ಳಾಗಡ್ಡಿ, ಏಸಿ ಎಲ್ಲಾ ಹೊತಗೊಂಡು ಇಪ್ಪತ್ನಾಕು! ಇನ್ನ ಯಾವನರ ನನ್ನ ಗಾಡಿ ಬಗ್ಗೆ ಮಾತಾಡ್ರಿ ನೋಡೂಣು!”

ಆಗ ಅಕ್ಕನ ಫೋನು ಬಂತು. ಅವನು ದೂರ ಸರಿದು ಕಿವಿಗಿಟ್ಟುಕೊಂಡ.

“ಜಲ್ದಿ ಮುಟ್ಟಿದ್ರೇನೋ? ಹೇಳಾಕ ಮರತೆ ನೋಡು. ಮೊದಲ ಸಲ ಮನಿಗೆ ಬಂದ ಗಾಡಿ, ಅದನ್ನಷ್ಟ ಖಾಲಿ ಉಡೀಲೆ ಕಳಸೂದು ಹೆಂಗ? ನಿಮ್ಮ ಮಾವ ಟ್ರ್ಯಾಕ್ಟರಿನ ಕ್ಯಾನಿನ್ಯಾಗಿನ ಡೀಸೆಲ್ ಅಷ್ಟೂ ನಿಮ್ಮ ಟ್ಯಾಂಕಿಗೆ ಸುರುವ್ಯಾರ.”

ಉಳವಪ್ಪ ಪಂಪಿನ ಕಡೆ ತಿರುಗಿ ನೋಡಿದ. ಖರೆ ಹೇಳಿದರೆ ಗಾಡಿ ಗಿರ್ಮಿಟ್ ಅಂಗಡಿಯಾಗುತ್ತದೆ. ಫೋನು ಕಿಸೆಗೆ ಹಾಕಿ ತುಟಿ ಬಿಗಿದುಕೊಂಡು ಬಂದ.

ಶಿವರಂಜನಿ ಅಭಿಮಾನದಿಂದ ಹೊಳೆಯುತ್ತಿದ್ದಳು. “ಸೋತೆ ನೋಡ್ರಿ. ಕಾರವಾರಕ್ಕ ಬರ್ತೀನಿ. ಎಷ್ಟ ಹೇರಿದ್ರೂ ಇಷ್ಟ ಕಡಿಮಿ ಕುಡಿಯೂ ಗಾಡಿ, ನಾವಿಬ್ಬರ ಯಾಕ ಹೋಗೂದು? ಓಣಿ ಮಂದಿಗೆಲ್ಲಾ ಹೂಂ ಅಂದೀನಿ.”

ಮಂಚದ ಮೇಲಿನ ಜಾಗ ದೇವವ್ವ ಆಗಲೇ ಹಿಡಿದಾಗಿತ್ತು. ಸೋಮೇಶ ಏಸಿಯ ಗಾಳಿ ಎಲ್ಲಿ ಚೆನ್ನಾಗಿ ಬರುತ್ತದೆಂದು ನೋಡುತ್ತಿದ್ದ.