ಎಲ್ಲದರ ಉಸಾಬರಿ ನನಗೇ ಬೇಕು

ಒಂದು ಹುಚ್ಚು ಇದ್ದವನ ಮನೆಗೆ ಫಜೀತಿ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಹತ್ತು ಹುಚ್ಚು ಇದ್ದವನ ಮನೆಯಲ್ಲಿ ಅದು ಬಿಡಾರವನ್ನೇ ಹೂಡುತ್ತದೆ. ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಊರಲ್ಲಿ ನಮ್ಮ ಕ್ಯಾಥೊಲಿಕರ ಮನೆಗಳು ಬೆರಳೆಣಿಕೆಯಷ್ಟು. ನನ್ನ ಹುಚ್ಚುಗಳನ್ನು ಎಣಿಸಲು ಮಾತ್ರ ಬೆರಳು ಸಾಲುತ್ತಿರಲಿಲ್ಲ. “ಜಪಮಾಲಿ ಮಣಿ ಎಣಸ್ರಿ ಅಂದ್ರ ಚುಕ್ಕಿ ಎಣಸ್ತೀರಿ” ಎಂದು ಹೆಂಡತಿ ಬೈಯುತ್ತಿದ್ದಳು.

ಕಲ್ಲಿನ ಮೇಲಿನ ಬರಹ

ಹಳೆಯ ಶಾಸನ ಓದುವುದನ್ನು ಪುಸ್ತಕ ನೋಡಿ ಕಲಿತಿದ್ದೆ. ಒಮ್ಮೆ ಚಚಡಿ ಊರ ಕಡೆ ಹೋದಾಗ ಹಳ್ಳದ ದಂಡೆಯಲ್ಲಿ ಅಕ್ಷರವಿದ್ದ ಕಲ್ಲೊಂದು ಕಂಡಿತು. ಅದರ ಮೇಲೆ ಒಬ್ಬ ಅಜ್ಜಿ ಅರಿವೆ ಒಗೆಯುತ್ತಿದ್ದಳು. ಕೈಮುಗಿದು ಬೇಡಿಕೊಂಡ ಮೇಲೆ ಜಾಗ ಬಿಟ್ಟಳು. ಬೆವರು ಸುರಿಸುತ್ತ ಮಧ್ಯಾಹ್ನದವರೆಗೆ ಓದಿದೆ.

“ಏನ್ ಬರದಾರ ತಮ್ಮಾ?”

“ಈ ದಾನ ಕೆಡಿಸಿದಾಂವ ನರಕಕ್ಕ ಹೋಗ್ತಾನಂತ ಅಜ್ಜಿ.”

ಅಜ್ಜಿಯ ಮುಖ ಸಣ್ಣದಾಯಿತು. “ಮತ್ತ ಅರಿವಿ ಒಗದವರು?”

“ಅವರ ಸುದ್ದಿ ಏನೂ ಇಲ್ಲ.”

“ಹಂಗಾರ ಏಳು, ಇನ್ನೂ ಎರಡು ಸೀರಿ ಉಳದಾವ.”

ರಾಯರು ಮಂಗಳನನ್ನು ನೋಡಿದ್ದು

ಮಸೂರಗಳನ್ನು ಪ್ಲಾಸ್ಟಿಕ್ ಪೈಪಿಗೆ ಕೂಡಿಸಿ ದುರ್ಬೀನು ಮಾಡಿದ್ದೆ. ಪಕ್ಕದ ಮನೆಯ ರಾಯರ ಮಗಳ ಜಾತಕದಲ್ಲಿ ಮಂಗಳ ದೋಷ. ಅದನ್ನು ಕೇಳಿಯೇ ಮೂರು ವರಗಳು ತಿರುಗಿ ಹೋಗಿದ್ದವು. ಒಂದು ಸಂಜೆ ರಾಯರು ಮಾಳಿಗೆಗೆ ಬಂದು, “ಆ ಮಂಗಳ ತೋರಸ್ರಿ, ಮಾರಿನರ ನೋಡ್ತೇನಿ” ಎಂದರು. ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

“ಇಷ್ಟ ಏನ್ರಿ? ಸಾಸಿವಿ ಕಾಳಿನಷ್ಟೂ ಇಲ್ಲಲ್ರಿ! ಇದಕ್ಕ ಅಂಜಿ ಮೂರು ಮಂದಿ ಓಡಿದ್ರು!”

ಹಿಂದೆ ನಿಂತಿದ್ದ ಮಗಳೂ ಬಗ್ಗಿ ನೋಡಿದಳು. “ಓಡಿದ್ದ ಛೊಲೋ ಆತು ಬಿಡಪ್ಪಾ. ಇಷ್ಟಕ್ಕ ಅಂಜೋರು ಮನ್ಯಾಗ ಜಿರಳಿ ಬಂದ್ರ ಏನ್ ಮಾಡ್ತಿದ್ರು?”

ಕಿತ್ತೂರಿನ ಲ್ಯಾಟಿನ್

ಕಿತ್ತೂರಿನ ನಿವೃತ್ತ ಮಾಸ್ತರರೊಬ್ಬರ ಹತ್ತಿರ ಸಂಸ್ಕೃತ ಕಲಿಯಲು ಹೋದೆ. ಮೊದಲ ದಿನವೇ ಅವರು, “ನಿಮ್ಮ ಹಳೇ ಪ್ರಾರ್ಥನಾ ಲ್ಯಾಟಿನ್‌ದಾಗ ಇರ್ತಾವಂತಲ್ಲ, ಒಂದು ಅನ್ರಿ” ಎಂದರು. ಅಜ್ಜ ಕಲಿಸಿದ್ದನ್ನು ಒಂದೇ ಉಸಿರಿಗೆ ಅಂದೆ. ಮಾಸ್ತರರು ಕಣ್ಣು ಮುಚ್ಚಿ ಕೇಳಿ, “ಒಂದು ಕಡೆ ಉಚ್ಚಾರ ತಪ್ಪೇದ” ಎಂದರು.

“ಸರ್, ನಿಮಗ ಲ್ಯಾಟಿನ್ ಬರ್ತದೇನ್ರಿ?”

“ಇವತ್ತ ಮೊದಲ ಸಲ ಕೇಳಿದೆ. ಆದರ ತಪ್ಪು ಯಾವ ಭಾಷಾದಾಗಿದ್ರೂ ಕಿವಿಗೆ ಚುಚ್ಚತದ.”

ಮುಂದೆ ಬೆಳಗಾವಿಯಲ್ಲಿ ಲ್ಯಾಟಿನ್ ಬಲ್ಲ ಸಿಸ್ಟರ್ ಒಬ್ಬರಿಗೆ ಅದನ್ನೇ ಹೇಳಿ ತೋರಿಸಿದೆ. ಮೂರು ಕಡೆ ತಪ್ಪಿತ್ತು. ಮೊದಲ ದಿನ ಅಂತ ಮಾಸ್ತರರು ಎರಡು ಬಿಟ್ಟುಕೊಟ್ಟಿದ್ದರು!

ಎರಡು ಸಂಸಾರ

ನಮ್ಮ ಸಣ್ಣ ಚರ್ಚಿಗೆ ಬರುತ್ತಿದ್ದ ಫಾದರ್‌ಗೆ ವಯಸ್ಸಾಗಿತ್ತು, ಕಿವಿ ಮಂದ. ಒಮ್ಮೆ ಪಾಪನಿವೇದನೆಗೆ ಹೋಗಿ ಪರದೆಯ ಈಚೆ ಮೊಣಕಾಲೂರಿದೆ. ಹೊರಗೆ ಹೆಂಡತಿಯೂ ಉಳಿದವರೂ ಸಾಲಾಗಿ ಕುಳಿತಿದ್ದರು.

“ಫಾದರ್, ರವಿವಾರದ ಬಲಿಪೂಜಿ ಹೊತ್ತಿನ್ಯಾಗ ನನ್ನ ಲಕ್ಷ್ಯ ದೇವರ ಮ್ಯಾಲೆ ಇರಲಿಲ್ಲ. ಮ್ಯಾಲೆ ತೊಲ್ಯಾಗ ಹಕ್ಕಿ ಗೂಡು ಕಟ್ಟ್ಯಾವ. ಅವನ್ನ ನೋಡಕೋತ ಕುಂತಿದ್ದೆ.”

ಇನ್ನು ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದೆ. ಫಾದರ್ ಪರದೆಗೆ ಬಾಯಿಟ್ಟು ಮೆಲ್ಲಗೆ ಕೇಳಿದರು: “ಎಷ್ಟು ಜೋಡಿ ಅದಾವ? ನನಗ ಬಲಿಪೀಠದಿಂದ ನೆಟ್ಟಗ ಕಾಣಸೂದಿಲ್ಲ.”

ಇವರಿಗೂ ನನ್ನದೇ ರೋಗ! ಜೋಡಿಗಳ ಲೆಕ್ಕ ಪಿಸುಗುಟ್ಟಿದೆ. ಕೇಳಿಸಲಿಲ್ಲ. ಹುಮ್ಮಸ್ಸಿನಲ್ಲಿ ಕೂಗಿಯೇಬಿಟ್ಟೆ: “ಎರಡು ಸಂಸಾರ ಫಾದರ್! ಎರಡು!”

ಹೊರಗಿನ ಗುಸುಗುಸು ಥಟ್ಟನೆ ನಿಂತಿತು.

“ಮರಿ?” ಎಂದರು ಫಾದರ್.

“ಒಂದಕ್ಕ ಮೂರು. ಇನ್ನೊಂದಕ್ಕ ಇಷ್ಟರಾಗ ಆಗ್ತಾವ!”

“ಭಾಳ ಸಂತೋಷ!” ಈಗ ಫಾದರ್ ಕೂಡ ಕೂಗಿದರು. “ಯಾರ ಮುಂದೂ ಹೇಳಬ್ಯಾಡ್ರಿ, ಕೆಡಿಸಿಬಿಟ್ಟಾರು!”

ಹೊರಗೆ ಬಂದೆ. ಒಬ್ಬರೂ ನನ್ನ ಮುಖ ನೋಡಲಿಲ್ಲ. ಹೆಂಡತಿ ಮಾತ್ರ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಏನಾಗಿದೆಯೆಂದು ನನಗೆ ಆಗ ಹೊಳೆಯಿತು. ಕೈ ಹಿಡಿದು ಎಳೆದೊಯ್ದು ತೊಲೆಯ ಕೆಳಗೆ ನಿಲ್ಲಿಸಿ, ಬೆರಳು ಮಾಡಿ ತೋರಿಸಿದೆ. ಎರಡು ಗೂಡು. ಒಂದರಲ್ಲಿ ಬಾಯಿ ತೆರೆದ ಮೂರು ಮರಿಗಳು.

ಅವಳು ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಫಾದರ್ ಇದ್ದ ಕಡೆಗೆ ಹೊರಟಳು.

“ದಾರಿ ಬಿಡ್ರಿ. ಮನಿಯಿಂದ ಬರುವಾಗ ಹೇಳಾಕ ಒಂದ ಪಾಪ ಇತ್ತು. ಇಲ್ಲಿ ಕುಂತು ಮನಸ್ನ್ಯಾಗ ನಿಮಗ ಬೈದು ಬೈದು ಒಂದು ಗಂಟು ಆಗೇತಿ!”